ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು: ಮಕ್ಕಳಿಗೆ ಆಟ ಆಡಿಸುವವರಿಗೆ ಕೆಲವು ಅನುಭವದ ಪಾಠಗಳು

ಆಗಸ್ಟ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ಕ್ರೀಡಾಕೂಟದ ಕಾಲ. ಮೊದಲು ವಲಯ ಮಟ್ಟ, ಆಮೇಲೆ ತಾಲ್ಲೂಕು, ಅಲ್ಲಿ ಗೆದ್ದವರಿಗೆ ಜಿಲ್ಲೆ, ವಿಭಾಗ, ರಾಜ್ಯ. ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ, ಖೋ ಖೋ ಕಂಬಗಳಿಗೆ ಹೊಸ ಬಣ್ಣ ಬರುತ್ತದೆ, ಬೆಳಿಗ್ಗೆ ಏಳಕ್ಕೇ ಮಕ್ಕಳು ಪ್ರಾಕ್ಟೀಸಿಗೆ ಹಾಜರಾಗುತ್ತಾರೆ. ಮುನ್ನೂರು ಮಕ್ಕಳ ಶಾಲೆಯಲ್ಲಿ ಹಾಗೆ ಬರುವವರು ಮೂವತ್ತು, ಹೆಚ್ಚೆಂದರೆ ನಲವತ್ತು ಮಂದಿ. ಕಪ್ ಬಂದರೆ ಅದು ಹೆಡ್‌ಮೇಷ್ಟ್ರ ಕೊಠಡಿಯ ಬೀರುವಿನ ಮೇಲೆ ಕೂರುತ್ತದೆ, ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ ಬರುತ್ತದೆ. ಮಿಕ್ಕ ಇನ್ನೂರ ಅರವತ್ತು ಮಕ್ಕಳು ಆ ತಿಂಗಳೆಲ್ಲ ಏನು ಆಡಿದರು ಎಂದು ಯಾರೂ ಕೇಳುವುದಿಲ್ಲ.

ನಾನು ದೈಹಿಕ ಶಿಕ್ಷಣ ಶಿಕ್ಷಕಿ. ತುಮಕೂರು ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲೇ ನನ್ನ ಕೆಲಸವೆಲ್ಲ ಕಳೆದಿದೆ. ಕಪ್ ಗೆದ್ದ ಮಕ್ಕಳನ್ನೂ ನೋಡಿದ್ದೇನೆ, ಏಳು ವರ್ಷ ಓದಿ ಒಮ್ಮೆಯೂ ಚೆಂಡನ್ನು ನೆಟ್ಟಗೆ ಕೈಯಲ್ಲಿ ಹಿಡಿಯದೆ ಪ್ರೌಢಶಾಲೆಗೆ ಬಂದ ಮಕ್ಕಳನ್ನೂ ನೋಡಿದ್ದೇನೆ. ಒಂದು ಶಾಲೆಯ ಕ್ರೀಡೆ ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು, ಎಂದಿಗೂ ತಂಡಕ್ಕೆ ಆಯ್ಕೆಯಾಗದ ಮಗುವನ್ನು ನೋಡಿಯೇ ಹೇಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಶಾಲೆಯಲ್ಲಿ ಆಡಿಸುವ ಸಹೋದ್ಯೋಗಿಗಳು, ಊರಿನ ಯುವಕ ಸಂಘದವರು, ಬೇಸಿಗೆ ಶಿಬಿರ ನಡೆಸುವವರು, ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸದಸ್ಯರು ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

1. ಎಷ್ಟು ಮಕ್ಕಳು ಬೆವರಿದರು ಎಂದು ಎಣಿಸಿ

ಖೋ ಖೋ ನಮ್ಮ ಶಾಲೆಗಳ ಜೀವಾಳ. ಎರಡು ಕಂಬ, ಒಂದಿಷ್ಟು ಸುಣ್ಣ ಇದ್ದರೆ ಆಟ ಶುರು. ಆದರೆ ನಿಯಮ ಬಿಡದೆ ಆಡಿಸಿದರೆ ಯಾವ ಹೊತ್ತಿನಲ್ಲೂ ಓಡುತ್ತಿರುವವರು ನಾಲ್ಕೇ ಮಂದಿ: ಅಟ್ಟಿಸಿಕೊಂಡು ಹೋಗುವವಳು ಒಬ್ಬಳು, ತಪ್ಪಿಸಿಕೊಳ್ಳುವವರು ಮೂವರು. ಎಂಟು ಮಂದಿ ಸಾಲಿನಲ್ಲಿ ಕೂತಿರುತ್ತಾರೆ. ಅರವತ್ತು ಮಕ್ಕಳ ತರಗತಿಯಾದರೆ ಮಿಕ್ಕವರೆಲ್ಲ ಹೊಂಗೆ ಮರದ ನೆರಳಲ್ಲಿ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹಾಜರಿ, ತಂಡ ಮಾಡುವುದು, ಜಗಳ ಬಿಡಿಸುವುದು ಎಂದು ಕಾಲು ಭಾಗ ಹೋಗುತ್ತದೆ. ಆಮೇಲೆ ಒಂದು ಸಾಧಾರಣ ಮಗುವಿನ ಪಾಲಿಗೆ ಎಷ್ಟು ನಿಮಿಷದ ಓಟ ಉಳಿಯುತ್ತದೆ?

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂತೆ ಮೈ ದಣಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ 11ರಿಂದ 17ರ ವಯಸ್ಸಿನ ಶೇ 81ರಷ್ಟು ಮಕ್ಕಳಿಗೆ ಅಷ್ಟು ಚಟುವಟಿಕೆ ಸಿಗುತ್ತಿಲ್ಲ. ನಮ್ಮ ಹಳ್ಳಿಯ ಮಕ್ಕಳು ಹೊಲ ಗದ್ದೆಯಲ್ಲಿ ಓಡಾಡಿಕೊಂಡಿರುತ್ತಾರೆ, ಅವರಿಗೇನು ಕೊರತೆ ಎನ್ನುವವರಿದ್ದಾರೆ. ಈಗ ಹಳ್ಳಿಯ ಮಗುವೂ ಶಾಲೆಯ ಬಾಗಿಲಿಗೆ ಬಸ್ಸಿನಲ್ಲೋ ಆಟೊದಲ್ಲೋ ಬಂದಿಳಿಯುತ್ತದೆ, ಸಂಜೆ ಮೊಬೈಲ್ ಹಿಡಿಯುತ್ತದೆ.

ನಾನು ಮಾಡುವುದು ಇಷ್ಟು. ತಿಂಗಳಿಗೊಮ್ಮೆ ಒಂದು ಪಿರಿಯಡ್ಡಿನಲ್ಲಿ, ಆಟದಲ್ಲಿ ಮುಂದೂ ಅಲ್ಲದ ಹಿಂದೂ ಅಲ್ಲದ ಒಂದು ಮಗುವನ್ನು ಆರಿಸಿಕೊಂಡು, ಅದಕ್ಕೆ ಗೊತ್ತಾಗದಂತೆ ಅದನ್ನೇ ಗಮನಿಸುತ್ತೇನೆ. ಎಷ್ಟು ಹೊತ್ತು ಓಡಿತು, ಎಷ್ಟು ಸಲ ಚೆಂಡು ಮುಟ್ಟಿತು, ಎಷ್ಟು ಹೊತ್ತು ಸುಮ್ಮನೆ ನಿಂತಿತ್ತು ಎಂದು ಬರೆದಿಡುತ್ತೇನೆ. ಆ ಪುಟ ನೋಡಿದರೆ ಮುಂದಿನ ವಾರ ಏನು ಬದಲಾಯಿಸಬೇಕೆಂಬುದು ತಾನಾಗಿ ತಿಳಿಯುತ್ತದೆ. ಒಂದು ದೊಡ್ಡ ಅಂಕಣದ ಬದಲು ಮೂರು ಚಿಕ್ಕವು. ಎಂಟು ಮಂದಿ ಕೂರುವ ಕಡೆ ನಾಲ್ಕೇ ಮಂದಿ ಕೂರುವ ಗಿಡ್ಡ ಖೋ ಖೋ. ರಿಲೇ ಸಾಲಿನಲ್ಲಿ ನಾಲ್ವರಿಗಿಂತ ಹೆಚ್ಚು ಮಕ್ಕಳು ಬೇಡ. ಚೆಂಡು ಸಾಲದಿದ್ದರೆ ಹಳೆ ಬಟ್ಟೆ ಸುತ್ತಿ ದಾರ ಬಿಗಿದು ಮಾಡಿದ ಚೆಂಡು ಸಾಕು. ಹಿಡಿಯಲು ಹೆದರುವ ಮಕ್ಕಳಿಗೆ ಅದೇ ಒಳ್ಳೆಯದು, ಬೆರಳಿಗೆ ಪೆಟ್ಟಾಗುವುದಿಲ್ಲ. ವಾಲಿಬಾಲ್ ನೆಟ್ಟು ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್ ಎಂದು ನಿಯಮ ಪುಸ್ತಕದಲ್ಲಿದೆ. ಎಂಟನೇ ಕ್ಲಾಸಿನ ಗಿಡ್ಡ ಹುಡುಗಿಗೆ ಆ ಎತ್ತರದಿಂದ ಯಾವ ಉಪಕಾರವೂ ಇಲ್ಲ. ಹಗ್ಗ ಕೆಳಗಿಳಿಸಿ ಕಟ್ಟಿ, ಅವಳ ಮೊದಲ ಸರ್ವಿಸ್ ಆಚೆ ಬೀಳಲಿ.

2. ಔಟಾದವರನ್ನು ಹೊರಗೆ ಕೂರಿಸಬೇಡಿ

ನಾವು ಆಡಿಸುವ ಎಷ್ಟೋ ಆಟಗಳಲ್ಲಿ ಔಟಾದ ಮಗು ಹೊರಗೆ ಹೋಗಿ ಕೂರಬೇಕು. ಮೊದಲು ಔಟಾಗುವುದು ಯಾರು? ಓಟ ಬಾರದವರು, ಮೈ ದಪ್ಪಗಿರುವವರು, ಕಣ್ಣು ಮಂದವಾದವರು. ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರೇ ಎರಡನೇ ನಿಮಿಷಕ್ಕೆ ಹೊರಗೆ. ಕೊನೆಯವರೆಗೆ ಉಳಿದು ಚಪ್ಪಾಳೆ ಗಿಟ್ಟಿಸುವವನು ಮೊದಲೇ ಚುರುಕಾಗಿದ್ದವನು. ಹೀಗೆ ವರ್ಷಗಟ್ಟಲೆ ನಡೆದರೆ ಚುರುಕಾದವನು ಇನ್ನೂ ಚುರುಕಾಗುತ್ತಾನೆ, ಹಿಂದುಳಿದವನು ಅಲ್ಲೇ ಕೂತಿರುತ್ತಾನೆ.

ಇದಕ್ಕೆ ಹೊಸ ವಿದ್ಯೆಯೇನೂ ಬೇಕಿಲ್ಲ. ಮೇಷ್ಟ್ರಿಲ್ಲದೆ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಅಕ್ಕನ ಜೊತೆ ಬಂದ ಪುಟ್ಟ ತಮ್ಮನನ್ನು ಅಳಿಸಿ ಮನೆಗೆ ಕಳಿಸುತ್ತಿರಲಿಲ್ಲ. ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನನ್ನು ಮುಟ್ಟಿದರೂ ಔಟಿಲ್ಲ, ಲಗೋರಿಯ ಕಲ್ಲು ಅವನು ಜೋಡಿಸಿದರೂ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ದೊಡ್ಡವರ ಆಟ ನಡೆಯುತ್ತಿತ್ತು, ಚಿಕ್ಕವನು ಓಡುತ್ತ ಓಡುತ್ತ ಕಲಿಯುತ್ತಿದ್ದ, ಒಂದೆರಡು ವರ್ಷಕ್ಕೆ ತಾನೇ ಲೆಕ್ಕಕ್ಕೆ ಬರುತ್ತಿದ್ದ. ಮಗು ಆಟದಲ್ಲಿ ಉಳಿಯಲಿ ಎಂದು ನಿಯಮವನ್ನೇ ಬಾಗಿಸುವ ಈ ದೊಡ್ಡ ಮನಸ್ಸನ್ನು ಶಾಲೆಯ ಮೈದಾನಕ್ಕೂ ತರಬೇಕು. ಹದಿಮೂರರ ಮಗುವಿಗೆ ಲೆಕ್ಕವೂ ಬೇಕು ಅನ್ನುವುದಷ್ಟೇ ವ್ಯತ್ಯಾಸ. ಬರೀ ದಯೆಯಿಂದ ಸೇರಿಸಿಕೊಂಡಿದ್ದಾರೆಂದು ಗೊತ್ತಾದರೆ ಆ ವಯಸ್ಸಿಗೆ ನೋವಾಗುತ್ತದೆ.

ಹಾಗಾಗಿ ನನ್ನ ತರಗತಿಯಲ್ಲಿ ಔಟಾದವರು ಬೇವಿನ ಮರ ಮುಟ್ಟಿ ಬಂದು ಮತ್ತೆ ಸೇರಿಕೊಳ್ಳುತ್ತಾರೆ. ಮುಟ್ಟಾಟದಲ್ಲಿ ಸಿಕ್ಕಿಬಿದ್ದವರು ಕೈ ಹಿಡಿದು ಸರಪಳಿಯಾಗಿ ಮಿಕ್ಕವರನ್ನು ಹಿಡಿಯುತ್ತಾರೆ. ಕೆರೆ–ದಡದಲ್ಲಿ ತಪ್ಪು ಹಾರಿದವರು ಎದುರು ಸಾಲಿಗೆ ಸೇರುತ್ತಾರೆ. ಲಗೋರಿಯಲ್ಲಿ ಗೆಲುವಿನ ಲೆಕ್ಕ ಒಬ್ಬರ ಹೆಸರಿಗಿಲ್ಲ. ಎಷ್ಟು ಬೇರೆ ಬೇರೆ ಕೈಗಳು ಕಲ್ಲು ಇಟ್ಟವೋ ಅಷ್ಟು ಅಂಕ. ಈ ಕಡೆಯ ನಿಯಮ ತಂದ ದಿನದಿಂದ ಚುರುಕು ಮಕ್ಕಳೇ ಹಿಂದುಳಿದವರಿಗೆ ದಾರಿ ಮಾಡಿಕೊಡುತ್ತಾರೆ, ಯಾರೂ ಹೇಳಬೇಕಾಗಿಲ್ಲ.

3. ಇಬ್ಬರು ನಾಯಕರು ಆರಿಸುವ ಪದ್ಧತಿ ಬಿಡಿ

ಇಬ್ಬರು ನಾಯಕರನ್ನು ನಿಲ್ಲಿಸಿ, ಒಬ್ಬೊಬ್ಬರನ್ನೇ ಕರೆದುಕೊಳ್ಳಿ ಎಂದರೆ ಕೊನೆಗೆ ಉಳಿಯುವ ಮಗು ಪ್ರತಿವಾರ ಅದೇ. ತರಗತಿಯ ಮುಂದೆ ಒಂದು ಮಗುವಿಗೆ ಬೆಲೆ ಕಟ್ಟಿ ತೋರಿಸಿದ ಹಾಗೆ ಅದು. ತಂಡಗಳನ್ನು ನಾನೇ ಹಿಂದಿನ ದಿನ ಬರೆದು ತರುತ್ತೇನೆ, ಇಲ್ಲವೇ ಎರಡು ಬಣ್ಣದ ರಿಬ್ಬನ್ ಹಂಚುತ್ತೇನೆ. ತಂಡ ಮಾಡುವ ಹೊತ್ತೂ ಉಳಿಯುತ್ತದೆ.

4. ಜೂನ್ 1ರಂದು ಹುಟ್ಟಿದ ಮಕ್ಕಳು

ಯಾವುದೇ ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್ ತೆರೆದರೆ ಜೂನ್ 1ರಂದು ಹುಟ್ಟಿದವರು ಸಾಲುಸಾಲಾಗಿ ಸಿಗುತ್ತಾರೆ. ಹುಟ್ಟಿದ ದಿನ ಅಪ್ಪ ಅಮ್ಮನಿಗೆ ನೆನಪಿಲ್ಲದಾಗ, ಒಂದನೇ ತರಗತಿಗೆ ವಯಸ್ಸು ಸರಿಹೊಂದಲಿ ಎಂದು ಮೇಷ್ಟ್ರು ಬರೆದುಕೊಂಡ ತಾರೀಕು ಅದು. ಈಗ ಜನನ ಪ್ರಮಾಣಪತ್ರ ನೋಡಿ ತಾರೀಕು ಬರೆಯುವುದರಿಂದ ಪರಿಸ್ಥಿತಿ ಸುಧಾರಿಸಿದೆ. ಆದರೂ ಕಾಗದದ ವಯಸ್ಸು ಒಂದು, ಮೈಯ ವಯಸ್ಸು ಇನ್ನೊಂದು ಎಂಬುದನ್ನು ಮೈದಾನದಲ್ಲಿ ನಿಂತವರು ದಿನವೂ ನೋಡುತ್ತಾರೆ.

ತಾರೀಕು ಸರಿಯಾಗಿದ್ದರೂ ತೊಂದರೆ ಮುಗಿಯುವುದಿಲ್ಲ. ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್‌ಸ್ಲೆ 1980ರ ದಶಕದಲ್ಲಿ ಅಲ್ಲಿನ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ಲೆಕ್ಕ ಹಾಕಿದಾಗ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಕಂಡರು. ಅಲ್ಲಿ ವಯೋಮಿತಿಯ ಲೆಕ್ಕ ಜನವರಿ 1ಕ್ಕೆ. ಜನವರಿಯಲ್ಲಿ ಹುಟ್ಟಿದ ಹುಡುಗ ಡಿಸೆಂಬರಿನವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು, ಚಿಕ್ಕಂದಿನಲ್ಲಿ ಆ ಒಂದು ವರ್ಷವೆಂದರೆ ಒಂದೆರಡು ಅಂಗುಲ ಎತ್ತರ, ಕೆಲವು ಕಿಲೊ ತೂಕ. ಅದನ್ನೇ ಪ್ರತಿಭೆ ಎಂದುಕೊಂಡು ಅವನನ್ನು ಆರಿಸುತ್ತಾರೆ, ಒಳ್ಳೆಯ ತರಬೇತಿ ಕೊಡುತ್ತಾರೆ, ಆಮೇಲೆ ಅವನು ನಿಜವಾಗಿಯೂ ಮುಂದೆ ಹೋಗುತ್ತಾನೆ. ಡಿಸೆಂಬರಿನ ಹುಡುಗ ಹನ್ನೆರಡರಲ್ಲೇ ಆಟ ಬಿಟ್ಟಿರುತ್ತಾನೆ.

ಇನ್ನು ಬೇಕೆಂದೇ ವಯಸ್ಸು ಕಡಿಮೆ ಬರೆಸಿ ಆಡಿಸುವುದು. ನಮ್ಮ ರಾಹುಲ್ ದ್ರಾವಿಡ್ 2015ರ ಪಟೌಡಿ ಸ್ಮಾರಕ ಉಪನ್ಯಾಸವನ್ನು ಇದರ ವಿರುದ್ಧ ಖಾರವಾಗಿ ಮಾತನಾಡಲು ಬಳಸಿದರು. ಕಿರಿಯರ ಪಂದ್ಯದಲ್ಲೂ ಗೆಲುವೇ ಮುಖ್ಯವಾದಾಗ ದೊಡ್ಡವರು ಮಾಡುವ ಮೋಸ ಇದು, ಅದರ ಹೊಡೆತ ಬೀಳುವುದು ಪ್ರಾಮಾಣಿಕ ಹುಡುಗನಿಗೆ ಎಂಬುದು ಅವರ ಮಾತಿನ ತಿರುಳು. ಕ್ರಿಕೆಟ್ಟಿನ ಬಗ್ಗೆ ಹೇಳಿದ ಮಾತಾದರೂ ತಾಲ್ಲೂಕು ಮಟ್ಟದ ಕಬಡ್ಡಿಗೆ ಅಕ್ಷರಶಃ ಒಪ್ಪುತ್ತದೆ. ಮೀಸೆ ಚಿಗುರಿದವನ ತೊಡೆಗೆ ನಲವತ್ತು ಕಿಲೊ ಇಲ್ಲದ ಹುಡುಗ ಕ್ಯಾಚ್ ಹಾಕಲು ಹೋಗಿ ಕೊರಳೆಲುಬು ಮುರಿದುಕೊಂಡರೆ, ಆ ಮನೆಯಿಂದ ಮತ್ತೆ ಯಾವ ಮಗುವೂ ಮೈದಾನಕ್ಕೆ ಬರುವುದಿಲ್ಲ.

ನಾನು ಜೂನ್ ತಿಂಗಳಲ್ಲಿ ಎಲ್ಲರ ಎತ್ತರ, ತೂಕ ಬರೆದುಕೊಳ್ಳುತ್ತೇನೆ. ಕಬಡ್ಡಿ, ಹಗ್ಗಜಗ್ಗಾಟದಂಥ ಮೈಬಲದ ಆಟಕ್ಕೆ ತರಗತಿ ನೋಡುವುದಿಲ್ಲ, ತೂಕ ನೋಡಿ ಗುಂಪು ಮಾಡುತ್ತೇನೆ. ಎಂಟನೇ ತರಗತಿಯಲ್ಲಿ ಗಿಡ್ಡಗಿದ್ದ ಹುಡುಗರನ್ನು ಹತ್ತನೇ ತರಗತಿಯವರೆಗೆ ಕೈಬಿಡಬಾರದು. ಹದಿನೈದರ ಮೇಲೆ ಒಮ್ಮೆಗೇ ಉದ್ದವಾಗುವವರು ಎಷ್ಟೋ ಮಂದಿ. ಹಾಗೆ ಬೆಳೆಯುವ ಕಾಲಕ್ಕೆ ಮಂಡಿಯ ಕೆಳಗೆ ಉಬ್ಬು ಬಂದು ನೋಯುವುದುಂಟು. ಆಗ "ನಾಟಕ ಮಾಡಬೇಡ" ಎಂದು ಓಡಿಸದೆ ಕೆಲವು ವಾರ ಜಿಗಿತ ನಿಲ್ಲಿಸಿ, ಡಾಕ್ಟರಿಗೆ ತೋರಿಸಬೇಕು.

5. ಎಂಟನೇ ತರಗತಿಯ ಹುಡುಗಿ ಯಾಕೆ ಮೈದಾನ ಬಿಟ್ಟಳು

ಆರನೇ ತರಗತಿಯಲ್ಲಿ ಹುಡುಗರನ್ನೇ ಹಿಂದೆ ಹಾಕಿ ಓಡುತ್ತಿದ್ದವಳು ಎಂಟಕ್ಕೆ ಬಂದಾಗ "ಹೊಟ್ಟೆ ನೋವು ಮಿಸ್" ಎಂದು ಕಟ್ಟೆಯ ಮೇಲೆ ಕೂರುತ್ತಾಳೆ. ಈ ಮಾತನ್ನು ನಾನು ಪ್ರತಿವರ್ಷ ಕೇಳುತ್ತೇನೆ. ಆಸಕ್ತಿ ಹೋಯಿತು ಎಂದು ಬರೆದುಕೊಂಡರೆ ನಮ್ಮ ಕೆಲಸ ಸುಲಭ. ಅವಳ ಜೊತೆ ಕೂತು ಮಾತನಾಡಿದರೆ ಕಾರಣಗಳು ಒಂದೊಂದೇ ಹೊರಬರುತ್ತವೆ, ಹೆಚ್ಚಿನವು ನಾವು ಸರಿಮಾಡಬಹುದಾದವೇ.

ಬಟ್ಟೆ ಮೊದಲನೆಯದು. ಚೂಡಿದಾರ, ಮೇಲೆ ಪಿನ್ನು ಹಾಕಿದ ವೇಲು. ಆ ಉಡುಪಿನಲ್ಲಿ ಓಡುವುದು, ಬಗ್ಗುವುದು ಹೇಗೆ? ಆಟದ ದಿನ ಟ್ರ್ಯಾಕ್ ಪ್ಯಾಂಟ್, ಸಡಿಲವಾದ ಟೀ ಶರ್ಟ್ ಎಂದು ಶಾಲೆಯೇ ತೀರ್ಮಾನ ಮಾಡಿದರೆ ಹುಡುಗಿ ಮನೆಯಲ್ಲಿ ವಾದ ಮಾಡಬೇಕಾಗಿಲ್ಲ. ಮೈದಾನ ರಸ್ತೆಗೆ ತೆರೆದುಕೊಂಡಿದ್ದು ಕಾಂಪೌಂಡಿನಾಚೆ ಹುಡುಗರು ಬೈಕ್ ನಿಲ್ಲಿಸಿ ನೋಡುತ್ತಿದ್ದರೆ, ಹುಡುಗಿಯರ ಅಂಕಣವನ್ನು ಕಟ್ಟಡದ ಹಿಂಬದಿಗೆ ಒಯ್ಯಬೇಕು. ಬೈಕಿನವರನ್ನು ಚದುರಿಸುವ ಕೆಲಸ ಎಸ್‌ಡಿಎಂಸಿಯವರದು, ಅದನ್ನೂ ಕೇಳಿ ಮಾಡಿಸಬೇಕು. ಪ್ರಾಕ್ಟೀಸ್ ಸಂಜೆ ಐದರ ಮೇಲೆ ಇಟ್ಟರೆ ಕೊನೇ ಬಸ್ಸಿನ ಹುಡುಗಿಯರು, ಹಾಲು ಕರೆಯಲು, ನೀರು ಹಿಡಿಯಲು ಮನೆಗೆ ಓಡಬೇಕಾದವರು ಎಲ್ಲರೂ ಹೊರಗುಳಿಯುತ್ತಾರೆ. ಶಾಲೆಯ ವೇಳೆಯೊಳಗೇ ಅದು ಮುಗಿಯಬೇಕು.

ಮುಟ್ಟಿನ ಮಾತನ್ನು ಮುಚ್ಚಿಟ್ಟು ಹೆಣ್ಣುಮಕ್ಕಳ ಕ್ರೀಡೆ ನಡೆಸಲಾಗದು. ಶುಚಿ ಯೋಜನೆಯಲ್ಲಿ ಬರುವ ಪ್ಯಾಡುಗಳು ಕಚೇರಿಯ ಬೀರುವಿನಲ್ಲಿ ಬೀಗದೊಳಗಿದ್ದರೆ ಪ್ರಯೋಜನವಿಲ್ಲ. ಹುಡುಗಿಯರ ಶೌಚಾಲಯದ ಹತ್ತಿರ, ಕೇಳದೆಯೇ ತೆಗೆದುಕೊಳ್ಳುವಂತೆ ಇಡಬೇಕು. ನೀರು, ಬಕೆಟ್, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಇವು ಮೂರೂ ನನ್ನ ಮಟ್ಟಿಗೆ ಕ್ರೀಡಾ ಸಾಮಗ್ರಿಗಳೇ. ಆ ದಿನಗಳಲ್ಲಿ ಆಡುವುದೋ ಬಿಡುವುದೋ ಹುಡುಗಿಯ ಇಷ್ಟ. ಆಡಬಾರದು ಎಂದು ಯಾರೂ ಹೇಳಕೂಡದು, ಆಡಲೇಬೇಕು ಎಂದೂ ಹೇಳಕೂಡದು.

ಇನ್ನೊಂದು ಸಂಗತಿ ಕಣ್ಣಿಗೆ ಬೀಳುವುದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಅರ್ಧ ಸುತ್ತು ಓಡಿ ಏದುಸಿರು ಬಿಡುವ ಹುಡುಗಿಯನ್ನು ಸೋಮಾರಿ ಎನ್ನುವ ಮುಂಚೆ ಅವಳ ಕಣ್ಣಿನ ರೆಪ್ಪೆಯೊಳಗಿನ, ಉಗುರಿನ ಬಣ್ಣ ನೋಡಬೇಕು. ವಾರಕ್ಕೊಂದು ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಊಟವಾದ ಮೇಲೆ ನಮ್ಮ ಎದುರಿಗೇ ನುಂಗಿಸಬೇಕು, ಯಾಕೆಂದರೆ ಹೊಟ್ಟೆ ತೊಳಸುತ್ತದೆಂದು ಎಷ್ಟೋ ಮಾತ್ರೆಗಳು ಕಿಟಕಿಯಾಚೆ ಬೀಳುತ್ತವೆ.

ಮನೆಯವರನ್ನು ಒಪ್ಪಿಸುವುದು ಕೊನೆಯ ಮಾತಾದರೂ ದೊಡ್ಡ ಮಾತು. ಹೊರ ಊರಿಗೆ ಪಂದ್ಯಕ್ಕೆ ಹೊರಟಾಗ ಜೊತೆಗೆ ಯಾವ ಶಿಕ್ಷಕಿ ಬರುತ್ತಾರೆ, ಎಲ್ಲಿ ಉಳಿಯುತ್ತಾರೆ, ಎಷ್ಟು ಹೊತ್ತಿಗೆ ವಾಪಸು ಎಂದು ತಾಯಿಗೆ ನಾನೇ ಹೋಗಿ ಹೇಳುತ್ತೇನೆ. "ಮಿಸ್, ನೀವಿರ್ತೀರ ತಾನೆ?" ಎಂದು ಒಂದೇ ಪ್ರಶ್ನೆ ಕೇಳುತ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಈಗ ನಾನು ಮನೆಗಳಿಗೆ ಹೋದಾಗ ಅವರ ಫೋಟೊ ತೋರಿಸುತ್ತೇನೆ. ಮಗಳು ವಿಶ್ವಕಪ್ ಆಡುತ್ತಾಳೆ ಎಂಬ ಆಸೆ ಹುಟ್ಟಿಸಲು ಅಲ್ಲ. ಹಳ್ಳಿ ಶಾಲೆಯ ಹುಡುಗಿ ಓಡಿದರೆ ಊರಿನ ಮರ್ಯಾದೆ ಹೋಗುವುದಿಲ್ಲ, ಬರುತ್ತದೆ ಎಂದು ಅಜ್ಜಿಯಂದಿರಿಗೆ ಕಾಣಿಸಲು.

6. ಅಂಕ ಬರೆಯುವ ಕೆಲಸ ಕೊಟ್ಟು ಕೈತೊಳೆದುಕೊಳ್ಳಬೇಡಿ

ಕಾಲು ಸರಿಯಿಲ್ಲದ, ಕಣ್ಣು ಕಾಣದ ಮಗುವಿಗೆ ನಾವು ಕೊಡುವ ಕೆಲಸ ಗೊತ್ತಿರುವಂಥದ್ದೇ: ಅಂಕ ಬರೆಯುವುದು, ಬ್ಯಾಗುಗಳನ್ನು ನೋಡಿಕೊಳ್ಳುವುದು. ಆ ಮಗುವಿಗೂ ಬೆವರುವ ಆಸೆ ಇರುತ್ತದೆ.

ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು, ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಅದೇ ವರ್ಷ ಬೆಂಗಳೂರಿನಲ್ಲಿ ಅಂಧರ ಟಿ20 ವಿಶ್ವಕಪ್ ಗೆದ್ದ ತಂಡದ ನಾಯಕರಾಗಿದ್ದರು, 2017ರಲ್ಲಿ ಪದ್ಮಶ್ರೀ ಪಡೆದರು. ಅಂಧರ ಕ್ರಿಕೆಟ್ಟನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಚೆಂಡಿನೊಳಗೆ ಗಲಗಲ ಸದ್ದು ಮಾಡುವ ಗುಂಡುಗಳು, ನೆಲಕ್ಕೆ ತಾಗಿ ಬರುವಂತೆ ಕೈ ಕೆಳಗಿನಿಂದ ಎಸೆಯುವ ಬೌಲಿಂಗ್. ತಂಡದಲ್ಲಿ ಪೂರ್ತಿ ಕಣ್ಣು ಕಾಣದವರು ಕನಿಷ್ಠ ನಾಲ್ವರು ಇರಲೇಬೇಕು, ಅವರು ಹೊಡೆದ ಒಂದು ರನ್ನಿಗೆ ಎರಡು ರನ್ ಲೆಕ್ಕ. ಯಾರನ್ನೂ ಹೆಸರಿಗೆ ಮಾತ್ರ ತಂಡದಲ್ಲಿಟ್ಟು ಮೂಲೆಯಲ್ಲಿ ನಿಲ್ಲಿಸಲಾಗದಂತೆ ನಿಯಮವನ್ನೇ ಕಟ್ಟಿದ್ದಾರೆ. ಸಾಧಾರಣ ಶಾಲೆಯ ಆಟಕ್ಕೂ ನಾನು ಪಾಠ ಕಲಿತದ್ದು ಇದರಿಂದಲೇ.

ಜಾಗ, ಸಾಮಗ್ರಿ, ನಿಯಮ, ಆಟಗಾರರ ಸಂಖ್ಯೆ: ಈ ನಾಲ್ಕರಲ್ಲಿ ಒಂದನ್ನು ಬದಲಿಸಿದರೆ ಬಹುಪಾಲು ಮಕ್ಕಳಿಗೆ ದಾರಿಯಾಗುತ್ತದೆ. ಊರುಗೋಲು ಹಿಡಿದವನಿಗೆ ಥ್ರೋಬಾಲ್‌ನಲ್ಲಿ ಚೆಂಡು ಒಮ್ಮೆ ನೆಲಕ್ಕೆ ಪುಟಿದ ಮೇಲೂ ಹಿಡಿಯುವ ಅವಕಾಶ. ಕಿವಿ ಕೇಳದವಳಿಗೆ ಸೀಟಿಯ ಜೊತೆಗೇ ಮೇಲೆತ್ತಿದ ಕೆಂಪು ಬಾವುಟ. ಏನು ಬದಲಿಸಬೇಕೆಂದು ಮಗುವನ್ನೇ ಕೇಳಿ. ನಮಗಿಂತ ಅದಕ್ಕೇ ಚೆನ್ನಾಗಿ ಗೊತ್ತು. ಮಿಕ್ಕ ಮಕ್ಕಳು ಅನ್ಯಾಯ ಎಂದು ತಕರಾರು ಮಾಡುತ್ತಾರೇನೋ ಎಂಬ ಅಂಜಿಕೆ ಬೇಡ. ದೊಡ್ಡವರೇ ಹೆಚ್ಚು ತಕರಾರು ಮಾಡುವವರು.

7. ಓಟ ಶಿಕ್ಷೆಯಾಗಬಾರದು, ಆಟ ಲಂಚವಾಗಬಾರದು

ತಡವಾಗಿ ಬಂದರೆ ಗ್ರೌಂಡ್ ಸುತ್ತು, ಗಲಾಟೆ ಮಾಡಿದರೆ ಬಸ್ಕಿ. ಹತ್ತು ವರ್ಷ ಹೀಗೆ ಮಾಡಿ, ಆಮೇಲೆ ದೊಡ್ಡವರಾಗಿ ದಿನವೂ ನಡೆಯಿರಿ, ಓಡಿರಿ ಎಂದರೆ ಯಾರು ಕೇಳುತ್ತಾರೆ? ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬಿಸಿಲಿನಲ್ಲಿ ಸುತ್ತು ಹೊಡೆಸುವುದು ದೈಹಿಕ ಶಿಕ್ಷೆಯೇ. ಹಾಗೆಯೇ ಹೋಂವರ್ಕ್ ಮಾಡದವರಿಗೆ ಆಟದ ಪಿರಿಯಡ್ ಕಿತ್ತುಕೊಳ್ಳುವುದು. ಲೆಕ್ಕ ತಪ್ಪಿದ್ದಕ್ಕೆ ಕನ್ನಡದ ಪಾಠ ಕೇಳಬೇಡ ಎಂದು ಯಾರೂ ಹೇಳುವುದಿಲ್ಲವಲ್ಲ.

8. ಹಸಿದ ಮಗು, ಒಂದೇ ಕೊಡದ ನೀರು

ಬೆಳಿಗ್ಗೆ ಪ್ರಾಕ್ಟೀಸಿಗೆ ಬರುವ ಮಕ್ಕಳಲ್ಲಿ ಅರ್ಧ ಮಂದಿ ಬರಿ ಹೊಟ್ಟೆಯಲ್ಲಿ ಬಂದಿರುತ್ತಾರೆ. ತಾಯಿ ಕೂಲಿಗೆ ಹೊರಡುವ ಗಡಿಬಿಡಿಯಲ್ಲಿರುತ್ತಾಳೆ, ಮಧ್ಯಾಹ್ನದ ಬಿಸಿಯೂಟವೇ ದಿನದ ಮೊದಲ ಊಟ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು, ಈಚೆಗೆ ಸೇರಿದ ರಾಗಿ ಮಾಲ್ಟ್ ಇವು ಓಟಕ್ಕೆ ಮುಂಚೆ ಸಿಗುವಂತೆ ಅಡುಗೆಯವರೊಂದಿಗೆ ಮಾತಾಡಿ ಹೊಂದಿಸಿಕೊಂಡರೆ ಬೇರೆ ಖರ್ಚಿಲ್ಲದೆ ದೊಡ್ಡ ಬದಲಾವಣೆ ಆಗುತ್ತದೆ. ಕೂಟಕ್ಕೆ ಶೂ ಕಡ್ಡಾಯ ಎಂದು ಹೇಳುವ ಮೊದಲು ಶಾಲೆಯಲ್ಲಿ ಒಂದು ಶೂ ಪೆಟ್ಟಿಗೆ ಇರಲಿ. ಕಾಲು ಬೆಳೆದು ಬಿಗಿಯಾದ ಶೂಗಳನ್ನು ಅದರಲ್ಲಿ ಹಾಕುತ್ತಾರೆ, ಬೇಕಾದವರು ಕೇಳದೆ ತೆಗೆದುಕೊಳ್ಳುತ್ತಾರೆ.

ಕೇರಿಯ ಮಾತನ್ನೂ ಹೇಳಬೇಕು. ನಮ್ಮ ಊರುಗಳಲ್ಲಿ ಯಾರ ಮಗು ಯಾರ ಜೊತೆ ಆಡಬೇಕು ಎಂಬ ಲೆಕ್ಕ ಇನ್ನೂ ಹೋಗಿಲ್ಲ. ಕಬಡ್ಡಿಯಲ್ಲಿ ಒಬ್ಬರ ಮೈ ಒಬ್ಬರು ಮುಟ್ಟಲೇಬೇಕು, ಕೈಗೆ ಕೈ ಬೆಸೆದು ಸರಪಳಿ ಕಟ್ಟಲೇಬೇಕು. ಆದ್ದರಿಂದಲೇ ತಂಡಗಳನ್ನು ಕೇರಿವಾರು ಆಗಲು ನಾನು ಬಿಡುವುದಿಲ್ಲ, ಮೈದಾನದಲ್ಲಿ ನೀರಿನ ಕೊಡ ಒಂದೇ, ಲೋಟ ಒಂದೇ. ಊರಿನ ಯುವಕ ಸಂಘಗಳು ಟೂರ್ನಿ ನಡೆಸುವಾಗ ಒಂದೊಂದು ಕೇರಿಗೆ ಒಂದೊಂದು ತಂಡ ಮಾಡುತ್ತಾರೆ. ಅದು ಸುಲಭ, ಚಂದಾ ಎತ್ತಲೂ ಅನುಕೂಲ. ಆದರೆ ಪಂದ್ಯದ ಜಗಳ ಕೇರಿಯ ಜಗಳವಾಗಲು ಒಂದು ತಪ್ಪು ತೀರ್ಪು ಸಾಕು.

9. ರ‍್ಯಾಂಕು ತಡವಾಗಲಿ

ಇಷ್ಟೆಲ್ಲ ಮಾಡಿದರೆ ಗೆಲ್ಲುವ ಮಕ್ಕಳು ಹಿಂದೆ ಬೀಳುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನಾರ್ವೆ ದೇಶದ ಕ್ರೀಡಾ ಒಕ್ಕೂಟ 2007ರಲ್ಲಿ ಮಕ್ಕಳ ಕ್ರೀಡಾ ಹಕ್ಕುಗಳನ್ನು ಅಂಗೀಕರಿಸಿತು. 11ನೇ ವಯಸ್ಸಿಗೆ ಮುಂಚೆ ಅಂಕಪಟ್ಟಿ, ರ‍್ಯಾಂಕು ಪ್ರಕಟಿಸುವಂತಿಲ್ಲ. 13ಕ್ಕೆ ಮುಂಚೆ ರಾಷ್ಟ್ರ ಮಟ್ಟದ ಚಾಂಪಿಯನ್‌ಷಿಪ್ ಇಲ್ಲ. ನಮ್ಮ ಬೆಂಗಳೂರು ನಗರದ ಅರ್ಧದಷ್ಟೂ ಜನಸಂಖ್ಯೆ ಇಲ್ಲದ ಆ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ ಗೆದ್ದು ಎಲ್ಲರಿಗಿಂತ ಮುಂದಿತ್ತು. ಅದಕ್ಕೆ ಬೇರೆ ಕಾರಣಗಳೂ ಇವೆ, ಹಣವಿದೆ, ಹಿಮವಿದೆ. ಆದರೂ ಮಕ್ಕಳನ್ನು ಬೇಗ ಬೇರ್ಪಡಿಸದಿದ್ದರೆ ದೇಶ ಸೋಲುತ್ತದೆ ಎಂಬ ಭಯಕ್ಕೆ ಇಷ್ಟು ಉತ್ತರ ಸಾಕು.

ಅಷ್ಟು ದೂರ ಹೋಗಬೇಕಿಲ್ಲ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮೊದಲ ವರ್ಷ ಆಡಿದ್ದು 60 ಕುಟುಂಬಗಳು, 2024ರಲ್ಲಿ ನಾಪೋಕ್ಲಿನಲ್ಲಿ ಆಡಿದ್ದು 360. ಅಜ್ಜ, ಸೊಸೆ, ಮೊಮ್ಮಗಳು, ರಾಷ್ಟ್ರೀಯ ತಂಡಕ್ಕೆ ಆಡಿ ಬಂದ ಚಿಕ್ಕಪ್ಪ ಎಲ್ಲರೂ ಒಂದೇ ತಂಡದಲ್ಲಿ. ಒಂದು ಚಿಕ್ಕ ಜಿಲ್ಲೆ ದೇಶಕ್ಕೆ ಅಷ್ಟು ಮಂದಿ ಹಾಕಿ ಆಟಗಾರರನ್ನು ಕೊಟ್ಟದ್ದು, ಅಲ್ಲಿ ಸ್ಟಿಕ್ ಹಿಡಿದು ಅಂಗಳದಲ್ಲಿ ಆಡದ ಮಗು ಸಿಗುವುದು ಕಷ್ಟ ಎನ್ನುವ ಕಾರಣಕ್ಕೂ ಹೌದು.

10. ಆರಿಸಿ ಒಯ್ದವರನ್ನು ನಡುದಾರಿಯಲ್ಲಿ ಬಿಡಬೇಡಿ

ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಕ್ಕಳ ಕಥೆಯನ್ನು ಮಕ್ಕಳ ಕ್ರೀಡೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಆಫ್ರಿಕಾ ಮೂಲದ ಈ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ನೆಲೆಸಿದ್ದಾರೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಅಲ್ಲಿನ ಮಕ್ಕಳನ್ನು ಆರಿಸಿ ಹಾಸ್ಟೆಲುಗಳಿಗೆ ಕರೆದೊಯ್ದು ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು, ಮಕ್ಕಳು ವಾಪಸಾದರು. ಚಿಕ್ಕಂದಿನಲ್ಲೇ ಊರು ಬಿಟ್ಟು, ಓದಿಗಿಂತ ಓಟವೇ ನಿನ್ನ ದಾರಿ ಎಂದು ಕೇಳಿಸಿಕೊಂಡು ಬೆಳೆದ ಮಗುವಿಗೆ ಇದ್ದಕ್ಕಿದ್ದಂತೆ ಆ ದಾರಿ ಮುಚ್ಚಿದರೆ ಏನಾಗಬಹುದು! ಮೈಬಣ್ಣ, ಮೈಕಟ್ಟು ನೋಡಿ ಇವರು ಓಡಲೆಂದೇ ಹುಟ್ಟಿದವರು ಎಂದುಕೊಂಡದ್ದರಲ್ಲೂ ಒಂದು ತಪ್ಪಿದೆ ಎಂದು ನನಗನಿಸುತ್ತದೆ. ಮಗುವಿನ ಇಷ್ಟ ಏನೆಂದು ಮೊದಲು ಕೇಳಬೇಕಿತ್ತು.

ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿ ಹೋದ ನಮ್ಮ ಮಕ್ಕಳ ಜೊತೆ ನಾನು ಪತ್ರ, ಫೋನು ಬಿಡುವುದಿಲ್ಲ. ಗಾಯವಾಗಿಯೋ ಬೇಡವೆನಿಸಿಯೋ ನಡುವೆ ಮರಳಿದವರನ್ನು ಅದೇ ವಾರ ತರಗತಿಗೆ ಸೇರಿಸಿಕೊಳ್ಳಬೇಕು, ತಪ್ಪಿದ ಪಾಠ ಹೇಳಿಕೊಡಲು ಒಬ್ಬ ಶಿಕ್ಷಕರನ್ನು ಗೊತ್ತುಮಾಡಬೇಕು. ಊರಿನವರು "ಸೋತು ಬಂದ" ಎನ್ನುವ ಮೊದಲು ಅವನ ಕೈಗೆ ಸೀಟಿ ಕೊಟ್ಟು ಚಿಕ್ಕ ಮಕ್ಕಳಿಗೆ ಕಲಿಸಲು ಹಚ್ಚುವುದು ನನ್ನ ಪದ್ಧತಿ.

11. ಹತ್ತನೇ ತರಗತಿಯ ಪಿರಿಯಡ್ ಕಾಯ್ದುಕೊಳ್ಳಿ

ಡಿಸೆಂಬರ್ ಬಂದರೆ ಎಸ್ಸೆಸ್ಸೆಲ್ಸಿ ಮಕ್ಕಳ ಆಟದ ಪಿರಿಯಡ್ ಗಣಿತಕ್ಕೋ ಇಂಗ್ಲಿಷಿಗೋ ಹೋಗುತ್ತದೆ. ಫಲಿತಾಂಶ ಕಡಿಮೆಯಾದರೆ ನೋಟಿಸು ಬರುವುದು ಹೆಡ್‌ಮೇಷ್ಟ್ರಿಗೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಹಾಗೆಂದು ಸುಮ್ಮನಿರುವುದಿಲ್ಲ. ನವೆಂಬರಿನ ಪೋಷಕರ ಸಭೆಯಲ್ಲೇ ಈ ಮಾತೆತ್ತುತ್ತೇನೆ: ವಾರಕ್ಕೆ ಎರಡು ಪಿರಿಯಡ್ ಹೋದರೂ ಹೋಗಲಿ, ಒಂದನ್ನು ಪರೀಕ್ಷೆಯ ಹಿಂದಿನ ವಾರದವರೆಗೂ ಬಿಡಿ. ಸ್ಪೆಷಲ್ ಕ್ಲಾಸ್ ಎಂದು ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಆರರವರೆಗೆ ಬೆಂಚಿನ ಮೇಲೆ ಕೂರುವ ಮಗುವಿಗೆ ನಡುವೆ ಅರ್ಧ ಗಂಟೆ ಬಯಲು ಬೇಕು. ಆ ಪಿರಿಯಡ್ಡಿನಲ್ಲಿ ತಂಡ, ಅಭ್ಯಾಸ, ಆಯ್ಕೆ ಏನೂ ಇರುವುದಿಲ್ಲ. ಮಕ್ಕಳು ತಮಗಿಷ್ಟವಾದದ್ದು ಆಡುತ್ತಾರೆ: ಕೆಲವರು ರಿಂಗ್, ಕೆಲವರು ಲಗೋರಿ, ಹುಡುಗಿಯರು ಬಹಳ ಸಲ ಕುಂಟೆಬಿಲ್ಲೆ. ಗಣಿತದ ಮೇಷ್ಟ್ರನ್ನೂ ನಾನು ಕರೆಯುತ್ತೇನೆ. ಒಂದೆರಡು ವಾರ ಕಟ್ಟೆಯ ಮೇಲೆ ನಿಂತು ನೋಡುತ್ತಾರೆ, ಮೂರನೇ ವಾರಕ್ಕೆ ಶೂ ಬಿಚ್ಚಿಟ್ಟು ಅಂಕಣಕ್ಕಿಳಿಯುತ್ತಾರೆ. ಅವರು ಇಳಿದ ಮೇಲೆ ಆ ಪಿರಿಯಡ್ಡನ್ನು ಯಾರೂ ಕೇಳುವುದಿಲ್ಲ.